ಹತ್ತನೆಯ ಬೆರಳಿನ ದೂರು

ಈ ದಸರಾ ರಜೆಯ ಮೊದಲ ದಿನ ಅಮ್ಮ ಒಗ್ಗರಣೆ ಸೌಟಿನಲ್ಲಿ ಹರಳೆಣ್ಣೆ ಕಾಯಿಸಿದಳು, ಮಂಡಿನೋವಿಗೆ. ಅದರ ವಾಸನೆ ಅಡುಗೆಮನೆಯಿಂದ ನಡುಮನೆಗೆ ಬಂದು, ನಾನು ತಿದ್ದುತ್ತಿದ್ದ ಉತ್ತರಪತ್ರಿಕೆಗಳ ಮೇಲೆ ಕೂತಿತು. ಹರಳೆಣ್ಣೆಯ ವಾಸನೆಯನ್ನು ಇಷ್ಟಪಡುವವರನ್ನು ನಾನು ನೋಡಿಲ್ಲ. ನನಗೂ ಇಷ್ಟವಿಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ಕೆಂಪು ಪೆನ್ನು ಕೆಳಗಿತ್ತು, ನನ್ನ ಎಡಗೈಯ ಕಿರುಬೆರಳು ಬಲಗೈಯ ಹಿಡಿಯಲ್ಲಿತ್ತು. ಹಿಂದಿನ ಮನೆಯ ಅತ್ತೆ ನೆನಪಿಗೆ ಬಂದುಬಿಟ್ಟಿದ್ದರು...

ಅತ್ತೆ ಎಂದರೆ ನೆಂಟಸ್ತಿಕೆಯ ಅತ್ತೆಯಲ್ಲ. ರಾಮನಗರದ ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಮೊಳಕಾಲೆತ್ತರದ ಒಂದು ಕಲ್ಲುಗೋಡೆ. ಗೋಡೆಯ ಆಚೆ ಅವರು, ಈಚೆ ನಾವು. ನಾನು ಮಾತು ಕಲಿಯುವ ಕಾಲಕ್ಕೆ ಅಮ್ಮ ಗೋಡೆಯಾಚೆ ತೋರಿಸಿ 'ಅತ್ತೆ' ಅಂದಳಂತೆ, ಅದೇ ಉಳಿಯಿತು. ಅವರದು ಮಾಗಡಿ ಕಡೆಯ ಕಲ್ಯ ಎಂಬ ಹಳ್ಳಿ. ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ಬೇಗ ಹೋಗಿದ್ದರು. ಇದ್ದ ಒಬ್ಬಳೇ ಮಗಳನ್ನು ಕನಕಪುರದಾಚೆಯ ದೊಡ್ಡಆಲಹಳ್ಳಿಗೆ ಕೊಟ್ಟಿದ್ದರು. ನನಗೆ ತಿಳಿವಳಿಕೆ ಬಂದಾಗಿನಿಂದ ಅವರು ನಮ್ಮ ಬೀದಿಯ ಕೊನೆಯ ಫಿಲೇಚರ್ ಕಾರ್ಖಾನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು.

ಆ ಕೆಲಸ ನೋಡದವರಿಗೆ ಒಂದು ಮಾತು ಹೇಳಬೇಕು. ಬೆಂದ ಗೂಡುಗಳು ಬಿಸಿನೀರಿನಲ್ಲಿ ತೇಲುತ್ತಿರುತ್ತವೆ. ಅವುಗಳ ಮೇಲೆ ಬೆರಳಾಡಿಸಿ ಎಳೆಯ ತುದಿ ಹುಡುಕಬೇಕು. ಆ ಎಳೆ ಕೂದಲಿಗಿಂತ ಸಣ್ಣದು. ಕಣ್ಣಿಗೆ ಕಾಣುವುದಕ್ಕೆ ಮುಂಚೆ ಬೆರಳಿಗೆ ಸಿಗುತ್ತದೆ. ವರ್ಷಗಟ್ಟಲೆ ಹೀಗೆ ಹುಡುಕಿ ಅತ್ತೆಯ ಬೆರಳುಗಳು ಬಿಳಿಚಿ, ಸುಕ್ಕಾಗಿ, ತುದಿಯಲ್ಲಿ ಊದಿಕೊಂಡಿದ್ದವು. ಬಲಗೈ ತೋರುಬೆರಳಿನ ತುದಿಗಂತೂ ಸ್ಪರ್ಶವೇ ಹೋಗಿತ್ತು. ಸೂಜಿ ಚುಚ್ಚಿದರೂ ತಿಳಿಯದು. ಮೈಗೆ ಸದಾ ಬೆಂದ ಗೂಡಿನ ವಾಸನೆ. ಸಂಜೆಯಾದರೆ ಅದರ ಮೇಲೆ ಬಿಸಿ ಹರಳೆಣ್ಣೆಯ ವಾಸನೆ.

ನಾನು ಹೇಳುತ್ತಿರುವುದು ನನಗೆ ಹತ್ತೊಂಬತ್ತು ತುಂಬಿದ್ದ ವರ್ಷದ ದಸರಾ. ಆಗ ಬಿ.ಎ. ಎರಡನೆಯ ವರ್ಷ. ಕಾಲೇಜಿನ ಚರ್ಚಾ ತಂಡದಲ್ಲಿ ಇಬ್ಬರು: ನಾನು ಮತ್ತು ನನ್ನ ಜೊತೆಗಾರ್ತಿ. ಮನೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಎಲ್ಲಿಯೂ ನಾನು ಪುರಾವೆಯಿಲ್ಲದೆ ಯಾವ ಮಾತನ್ನೂ ಒಪ್ಪುತ್ತಿರಲಿಲ್ಲ. ಬೆಕ್ಕು ಅಡ್ಡ ಬಂತು ಎಂದು ಯಾರಾದರೂ ನಿಂತರೆ, ಅಡ್ಡ ಬಂದದ್ದು ಬೆಕ್ಕೋ ನಾವೋ ಎಂದು ಕೇಳುವವಳು. ದೊಡ್ಡವರಿಗೆ ನಾನು ತಲೆನೋವು. ಅತ್ತೆಗೆ ಮಾತ್ರ 'ಲಾಯರಮ್ಮ'.

ಚನ್ನಪಟ್ಟಣದಲ್ಲಿ ನಡೆದ ಅರೆ ಅಂತಿಮ ಸುತ್ತಿನಲ್ಲಿ ಈ ಲಾಯರಮ್ಮನ ಮಾತು ನಿಂತುಹೋಯಿತು. ಹದಿನಾಲ್ಕು ಅಂಶ ಬರೆದುಕೊಂಡು ಹೋಗಿದ್ದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಎದೆ ಡಬಡಬ ಹೊಡೆದುಕೊಳ್ಳತೊಡಗಿ, ಎದುರಿದ್ದ ಬೆಂಚುಗಳೆಲ್ಲ ದೂರ ಸರಿದಂತಾದವು. ನಂತರದ ಒಂದೂವರೆ ನಿಮಿಷ ನಾನು ಏನೂ ಹೇಳಲಿಲ್ಲ. ಜೊತೆಗಾರ್ತಿಯ ದೆಸೆಯಿಂದ ತಂಡ ಗೆದ್ದಿತು. ಅಂತಿಮ ಸ್ಪರ್ಧೆ ಮೈಸೂರಿನಲ್ಲಿ, ದಸರಾ ರಜೆ ಮುಗಿದ ವಾರ.

ಡಾಕ್ಟರು ಇ.ಸಿ.ಜಿ. ಮಾಡಿಸಿ, "ಎದೆಗೆ ಏನೂ ಆಗಿಲ್ಲ. ಹೇಗೂ ರಜೆ ಬಂತಲ್ಲ, ರೆಸ್ಟ್ ತಗೊಳ್ಳಿ" ಎಂದರು. ಅವರಿಗೆ ರಜೆಯೆಂದರೇನೆಂದು ಗೊತ್ತಿರಲಿಲ್ಲ. ಕಾಲೇಜಿದ್ದಾಗ ಜಗಳಕ್ಕೆ ಜನ ಸಿಗುತ್ತಾರೆ. ರಜೆಯಲ್ಲಿ ಎದುರಾಳಿ ಸಿಗದೆ ತಲೆ ತನ್ನ ಮೇಲೆ ತಾನೇ ವಾದ ಹೂಡುತ್ತದೆ, ಅಲ್ಲಿ ಗಂಟೆ ಹೊಡೆದು ನಿಲ್ಲಿಸುವವರು ಯಾರೂ ಇರುವುದಿಲ್ಲ. ಮನೆಯಲ್ಲಿ ಬೊಂಬೆ ಕೂರಿಸಿದ್ದೆವು. ಮಾಗಡಿಯಿಂದ ಚಿಕ್ಕಮ್ಮ ಮಕ್ಕಳ ಸಮೇತ ಬಂದಿದ್ದಳು. ಸಂಜೆ ಬೊಂಬೆ ನೋಡಲು ಬಂದವರೆಲ್ಲ ನನ್ನನ್ನೂ ನೋಡಿ, "ಯಾಕಮ್ಮ ಸೊರಗಿದೀಯ?" ಎಂದು ಕೇಳುತ್ತಿದ್ದರು. ಪ್ರತಿ ಪ್ರಶ್ನೆಗೂ ಎದೆ ಒಮ್ಮೆ ಹೊಡೆದುಕೊಳ್ಳುತ್ತಿತ್ತು.

ಚಿಕ್ಕಮ್ಮನ ಔಷಧಿ ಸಿದ್ಧವಾಗಿತ್ತು. "ಇರೋದಕ್ಕೆ ಖುಷಿಪಡು. ನಿನಗಿಂತ ಕಷ್ಟದಲ್ಲಿರೋರನ್ನ ನೋಡು, ಎಲ್ಲ ಸರಿಹೋಗುತ್ತೆ."

"ಅಂದರೆ ಇನ್ನೊಬ್ಬರ ಕಷ್ಟ ನನಗೆ ಮಾತ್ರೆಯಾ? ಅವರಿಗೆ ಒಳ್ಳೆಯದಾದರೆ ನನ್ನ ಖುಷಿ ಹೋಗುತ್ತಾ?" ಎಂದೆ.

ಚಿಕ್ಕಮ್ಮ ಅಮ್ಮನ ಕಡೆ ನೋಡಿದಳು. ಅಮ್ಮ ಚಾವಣಿ ನೋಡಿದಳು. ನಾನು ಎದ್ದು ಹಿತ್ತಿಲಿಗೆ ಹೋದೆ. ನನ್ನ ಜೇಬಿನಲ್ಲಿ ಒಂದು ಕಾಗದವಿತ್ತು. 'ಅನಾರೋಗ್ಯದ ನಿಮಿತ್ತ ಅಂತಿಮ ಸ್ಪರ್ಧೆಯಿಂದ ಹಿಂದೆ ಸರಿಯುತ್ತಿದ್ದೇನೆ' ಎಂದು ಬರೆದು ಸಹಿ ಹಾಕಿದ್ದೆ. ಕೊಡುವುದಷ್ಟೇ ಬಾಕಿ. ನಾನು ಸರಿದರೆ ಜೊತೆಗಾರ್ತಿಯೂ ಮನೆಯಲ್ಲೇ ಕೂರಬೇಕು. ಇಬ್ಬರಿಲ್ಲದ ತಂಡಕ್ಕೆ ಅಲ್ಲಿ ಜಾಗವಿರಲಿಲ್ಲ.

ಗೋಡೆಯಾಚೆ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಅದನ್ನು ನಾನು ನೂರು ಸಲ ನೋಡಿದ್ದೆ. ನೋಡಿದ್ದೆ ಅಷ್ಟೇ.

"ಏನಮ್ಮಿ, ರಜಾ ಕೊಟ್ಟವ್ರೆ ಅಂದ್ರು. ಮೊಕ ನೋಡುದ್ರೆ ಜೈಲಿಗೆ ಹಾಕ್ದಂಗೈತಲ್ಲ?"

"ಎದೆ ಹೊಡ್ಕೊಳ್ತಿದೆ ಅತ್ತೆ."

"ಹೊಡ್ಕೊಳ್ದೆ ಇದ್ರೆ ಕಷ್ಟ ಕಣಮ್ಮಿ."

ಹಾಗೆಂದು ಅವರು ಮತ್ತೆ ಬೆರಳಿಗೆ ಬಗ್ಗಿದರು. ತುಟಿ ಅಲ್ಲಾಡುತ್ತಿತ್ತು. ಮಂತ್ರವೇನೋ ಎಂದು ಕಿವಿಗೊಟ್ಟೆ, ಅಲ್ಲ. "ನೀನು ಇವತ್ತು ಜಾರೋ ಬಿಂದ್ಗೆ ಹಿಡ್ದೆ... ನೀನು ಮೊಮ್ಮಗೀಗೆ ಫೋನ್ ಒತ್ತಿದೆ..." ಎಂದು ಹೇಳಿಕೊಳ್ಳುತ್ತಿದ್ದರು.

"ಯಾರ ಜೊತೆ ಮಾತು ಅತ್ತೆ?"

"ಬೆಳ್ಳಿನ್ ಜೊತೆ."

"ಬೆರಳಿಗೆ ಕಿವಿ ಇದೆಯಾ?"

"ನಿನ್ ಭಾಷಣ ಕೇಳೋ ಬೆಂಚಿಗೈತಾ?"

ನನಗೆ ನಗು ಬಂತು. ಆ ವಾರದಲ್ಲಿ ಮೊದಲ ಸಲ ಎಂದು ಕಾಣುತ್ತದೆ. ಗೋಡೆ ದಾಟಿ ಅವರ ಪಕ್ಕ ಕೂತೆ. ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಅವರ ಪದ್ಧತಿಯನ್ನೆಲ್ಲ ಹೊರಗೆಳೆದೆ. ಅದನ್ನು ಅವರಿಗೆ ಕಲಿಸಿದ್ದು ಫಿಲೇಚರಿನಲ್ಲಿ ಅವರಿಗಿಂತ ಮೊದಲು ಕೆಲಸ ಮಾಡುತ್ತಿದ್ದ ಒಬ್ಬ ಮುದುಕಿಯಂತೆ. ಬಲಗೈ ಹೆಬ್ಬೆರಳಿನಿಂದ ಶುರು. ಒಂದೊಂದು ಬೆರಳಿಗೂ ಬೇರೆ ಎಣ್ಣೆ, ಬುಡದಿಂದ ತುದಿಗೆ ನಿಧಾನವಾಗಿ. ಎಣ್ಣೆ ಇಳಿಯುವವರೆಗೆ ಆ ಬೆರಳು ಅವತ್ತು ಮಾಡಿದ ಉಪಕಾರ ಒಂದನ್ನು ನೆನೆಯಬೇಕು. ಹೀಗೆ ಒಂಬತ್ತು ಬೆರಳು.

"ಹತ್ತನೇದು?"

"ಎಡಗೈ ಕಿರುಬೆಳ್ಳಾ? ಅದು ಕೆಲ್ಸ ಮಾಡೋದು ಅಷ್ಟ್ರಲ್ಲೇ ಐತೆ. ಸುಮ್ನೆ ಕುಂತು ಎಲ್ಲಾ ನೋಡ್ತಿರ್ತದೆ. ಅದ್ಕೆ ದೂರು ಹೇಳೋ ಕೆಲ್ಸ ಕೊಟ್ಟಿವ್ನಿ. ದಿನಕ್ಕೊಂದು ದೂರು."

ಇದು ನನಗೆ ಹಿಡಿಸಿತು. ಹೊಗಳಿಕೆಯ ಪಟ್ಟಿಯಲ್ಲಿ ಒಂದು ದೂರಿಗೂ ಜಾಗ ಕೊಡುವ ಭಕ್ತಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. "ದೂರನ್ನ ಮೊದಲೇ ಹೇಳಿದರೆ ಏನು?" ಎಂದು ಕೇಳಿದೆ.

"ಮೊದ್ಲೇ ಶುರು ಮಾಡುದ್ರೆ ಹತ್ತು ಬೆಳ್ಳೂ ಸಾಲಲ್ಲ, ಕಾಲ್ ಬೆಳ್ಳೂ ಬೇಕಾಯ್ತದೆ. ಒಂಬತ್ತಾದ್ ಮೇಲೆ ಹೇಳು. ಯಾವ್ದು ನಿಜ್ವಾದ್ದೋ ಅದೊಂದೇ ಉಳ್ದಿರ್ತದೆ."

"ದೂರು ಯಾರಿಗೆ ಹೇಳೋದು? ದೇವರಿಗಾ?"

"ದೇವ್ರು ನನ್ ಕೈಯ್ಯ ಬಿಸ್ನೀರಿಗೆ ಅದ್ದವ್ನಾ? ಯಾರ್ಗ್ ಸೇರ್ಬೇಕೋ ಅವ್ರ್ಗೇ, ನಾಳೆ ಹೋಗಿ. ಇಲ್ಲಿ ಒಂದ್ಸಲ ಹೇಳಿ ನೋಡ್ಕೊಳ್ಳೋದು, ಸರ್ಯಾಗೈತಾ ಅಂತ."

ಅವರು ಬಟ್ಟಲನ್ನು ನನ್ನ ಕಡೆ ತಳ್ಳಿದರು. ಕುತೂಹಲಕ್ಕೆ, ನಂಬಿಕೆಗಲ್ಲ, ಎಣ್ಣೆಗೆ ಬೆರಳದ್ದಿದೆ. ಹೆಬ್ಬೆರಳು ಹಿಡಿದು, "ಎಲ್ಲದಕ್ಕೂ ಉಪಕಾರ" ಎಂದೆ.

"ಎಲ್ಲಾದ್ಕೂ ಅಂದ್ರೆ ಯಾವ್ದಕ್ಕೂ ಅಲ್ಲ ಅಂತ. ಯಾವ್ದಕ್ಕೆ ಹೇಳು. ಏನ್ ಮಾಡ್ತು ಇದು ಇವತ್ತು?"

ತೀರ್ಪುಗಾರರು ನನಗೆ ಹೇಳುತ್ತಿದ್ದುದೂ ಅದೇ: ಸಾಮಾನ್ಯೀಕರಿಸಬೇಡಿ, ಉದಾಹರಣೆ ಕೊಡಿ. ಹೆಬ್ಬೆರಳು ಅವತ್ತು ಏನು ಮಾಡಿತ್ತು? ತುಂಬ ಹೊತ್ತು ಯೋಚಿಸಿದೆ. ಬೆಳಿಗ್ಗೆ ಚಿಕ್ಕಮ್ಮನ ಸಣ್ಣ ಮಗುವಿಗೆ ಕಿತ್ತಳೆ ಸುಲಿದುಕೊಟ್ಟಿತ್ತು. ಮಗು ತಿಂದು, ಬೀಜವನ್ನು ನನ್ನ ಅಂಗೈಯಲ್ಲಿಯೇ ಉಗುಳಿತ್ತು. ಅದನ್ನು ಹೇಳಿದೆ. ಅತ್ತೆ, "ಹ್ಞಾ, ಇದು" ಎಂದರು. ಐದನೆಯ ಬೆರಳಿಗೆ ಬರುವಾಗ ಬೀದಿಯ ಸದ್ದು ಕೇಳಿಸಿತು. ಅಷ್ಟು ದಿನ ನನ್ನ ಎದೆಯ ಸದ್ದು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.

ಇಷ್ಟಕ್ಕೆ ಸೋಲೊಪ್ಪುವ ಹುಡುಗಿ ನಾನಾಗಿರಲಿಲ್ಲ. ಬೆಚ್ಚನೆಯ ಎಣ್ಣೆ ಹಚ್ಚಿ ನಿಧಾನವಾಗಿ ಉಜ್ಜಿದರೆ ಯಾರ ಮೈಯಾದರೂ ಹಗುರಾಗುತ್ತದೆ, ಇದರಲ್ಲಿ ಉಪಕಾರ ನೆನೆಯುವ ಪಾತ್ರವೇನು? ಪರೀಕ್ಷೆ ಮಾಡಬೇಕು. ಮರುದಿನ ಬರೀ ಎಣ್ಣೆ ಹಚ್ಚಿಕೊಂಡೆ, ಏನನ್ನೂ ನೆನೆಯಲಿಲ್ಲ. ಕೈ ಹಗುರಾಯಿತು, ತಲೆ ಮಾತ್ರ ಚನ್ನಪಟ್ಟಣದ ಆ ವೇದಿಕೆಗೆ ಓಡಿತು. ಅದರ ಮಾರನೆಯ ದಿನ ಎಣ್ಣೆಯಿಲ್ಲದೆ ಬರೀ ನೆನೆದೆ. ಎರಡು ನಿಮಿಷಕ್ಕೆಲ್ಲ ಪಟ್ಟಿ ಮುಗಿಸಿ ಎದ್ದುಬಿಟ್ಟೆ, ಮಗ್ಗಿ ಒಪ್ಪಿಸಿದ ಹಾಗೆ. ಎರಡೂ ಸೇರಿದರೇ ಕೆಲಸ ಮಾಡುತ್ತಿತ್ತು. ಅವಸರಪಡಲು ಎಣ್ಣೆ ಬಿಡುತ್ತಿರಲಿಲ್ಲ, ಅಲೆಯಲು ಬೆರಳು ಬಿಡುತ್ತಿರಲಿಲ್ಲ. ಈ ಸಂಶೋಧನೆಯನ್ನು ಗಂಭೀರವಾಗಿ ಅತ್ತೆಗೆ ವರದಿ ಮಾಡಿದೆ.

"ಬರೀ ಎಣ್ಣೆಗೆ ಬಿಟ್ರೆ ಬೋಂಡ ಆಯ್ತದೆ ಕಣಮ್ಮಿ" ಎಂದರು. "ಇಷ್ಟ್ ತಿಳ್ಕೊಳ್ಳಕೆ ಎರಡ್ ದಿನಾನಾ?"

ಆದರೆ ನನ್ನ ಬಳಿ ದೊಡ್ಡ ಆಕ್ಷೇಪಣೆಯೊಂದು ಬಾಕಿಯಿತ್ತು. ಅಂತಿಮ ಸ್ಪರ್ಧೆಯ ವಿಷಯ 'ತೃಪ್ತಿಯೇ ಪ್ರಗತಿಯ ಶತ್ರು'. ಚೀಟಿ ಎತ್ತಿದಾಗ ನಮಗೆ ಬಂದದ್ದು ಪರ. ನಾನದನ್ನು ಮನಸಾರೆ ನಂಬಿದ್ದೆ ಕೂಡ. ಅವರ ಕೈ ತೋರಿಸಿಯೇ ಕೇಳಿದೆ: "ಅತ್ತೆ, ಈ ಕೈ ಬೇಯಿಸಿದ್ದು ಯಾರು? ನೀವು ದಿನಾ ಹೀಗೆ ಉಪಕಾರ, ಉಪಕಾರ ಅಂತ ಸಮಾಧಾನವಾಗಿ ಕೂತರೆ ಯಜಮಾನರಿಗೆ ಅದಕ್ಕಿಂತ ಅನುಕೂಲ ಏನಿದೆ? ಸಮಾಧಾನವಾಗಿರೋ ಆಳು ಅಂದರೆ ಅವರಿಗೆ ಹಬ್ಬ."

ಅತ್ತೆ ತೋರುಬೆರಳಿನ ಸತ್ತ ತುದಿಗೆ ಇನ್ನೊಂದು ತೊಟ್ಟು ಎಣ್ಣೆ ಹಾಕಿದರು. ಅದಕ್ಕೆ ಯಾವಾಗಲೂ ಒಂದು ತೊಟ್ಟು ಜಾಸ್ತಿ. "ಆಯುದ್ಪೂಜೆ ದಿನ ನಂಜೊತೆ ಬಾ, ಕಡ್ಲೆಪುರಿ ಕೊಡ್ತಾರೆ" ಎಂದಷ್ಟೇ ಅಂದರು. ಗೆದ್ದೆ ಅಂದುಕೊಂಡೆ.

ಆಯುಧಪೂಜೆಗೆ ಎರಡು ದಿನ ಮುಂಚಿನಿಂದ ಅವರ ಹತ್ತನೆಯ ಬೆರಳಿನ ದೂರು ಬದಲಾಗಲಿಲ್ಲ. ಪೂಜೆ ಮುಗಿಸಿ ಮಧ್ಯಾಹ್ನ ಒಂದು ಪಾಳಿ ಕೆಲಸಕ್ಕೆ ಬರಬೇಕೆಂದು ಯಜಮಾನರು ಸುಳಿವು ಕೊಟ್ಟಿದ್ದರಂತೆ. ಅತ್ತೆ ಕಿರುಬೆರಳು ಹಿಡಿದು ಒಂದೇ ಮಾತನ್ನು ಹೀಗೊಮ್ಮೆ, ಹಾಗೊಮ್ಮೆ ಹೇಳಿ ನೋಡುತ್ತಿದ್ದರು. ಬೈಗುಳವಿದ್ದರೆ ತೆಗೆದುಹಾಕುತ್ತಿದ್ದರು. ಹಳೆಯ ದೂರುಗಳು ನುಗ್ಗಿ ಬಂದರೆ, "ನೀನಲ್ಲ, ನೀನ್ ಆಮೇಲೆ" ಎನ್ನುತ್ತಿದ್ದರು.

ಆ ದಿನ ಬೆಳಿಗ್ಗೆ ನಾನೂ ಹೋದೆ. ಒಲೆ ಆರಿತ್ತು, ಬೇಸಿನ್‌ಗಳಲ್ಲಿ ನೀರಿರಲಿಲ್ಲ. ನೂಲು ಸುತ್ತುವ ತಿರುಗಣೆಗಳಿಗೆಲ್ಲ ಸೇವಂತಿಗೆ, ಕುಂಕುಮ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. ಹೆಂಗಸರೆಲ್ಲ ಹಬ್ಬದ ಸೀರೆ ಉಟ್ಟು ಗೋಡೆಯ ಬದಿಗೆ ನಿಂತಿದ್ದರು. ಕಡ್ಲೆಪುರಿ ಹಂಚುತ್ತಲೇ ಯಜಮಾನರು ಶುರುಮಾಡಿದರು. ಕೆಟ್ಟ ಮನುಷ್ಯನಲ್ಲ, ಗಾಬರಿಯ ಮನುಷ್ಯ.

"ನೋಡ್ರಮ್ಮ, ಊಟ ಮಾಡ್ಕೊಂಡು ಒಂದ್ ಪಾಳಿ ಬಂದ್ಬುಡಿ. ಗೂಡು ತಡೆಯಂಗಿಲ್ಲ. ಚಿಟ್ಟೆ ತೂತ್ ಮಾಡ್ಕೊಂಡ್ ಆಚೆ ಬಂದ್ರೆ ನನ್ ಕತೆ ಮುಗೀತು."

ಅತ್ತೆ ಕಡ್ಲೆಪುರಿಯ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಒಂದು ಹೆಜ್ಜೆ ಮುಂದೆ ಬಂದರು.

"ಯಜಮಾನ್ರೇ, ಮಿಷಿನ್‌ಗೆ ಕುಂಕ್ಮ ಇಕ್ಕುದ್ರಿ, ಹೂ ಮುಡ್ಸುದ್ರಿ, ಇವತ್ತು ಮುಟ್ಬಾರ್ದು ಅಂದ್ರಿ. ನಮ್ ಆಯ್ದ ಇದು." ಎರಡೂ ಕೈ ಮುಂದೆ ಚಾಚಿದರು. "ಇದ್ಕೂ ಇವತ್ತು ರಜಾ. ನಾಳೆ ವತ್ತಾರೆ ಐದ್ ಗಂಟೆಗೇ ಬತ್ತೀವಿ. ನಿಮ್ ಗೂಡು ಹಾಳಾಗಕ್ ಬುಡಾಕಿಲ್ಲ."

ಅಷ್ಟೇ. ಎರಡನೆಯ ಅಂಶವಿರಲಿಲ್ಲ, ಧ್ವನಿ ಏರಲಿಲ್ಲ. ಪಕ್ಕದ ಹೆಂಗಸೂ ಕೈ ಚಾಚಿದಳು. ಅವಳ ಪಕ್ಕದವಳು, ಅವಳ ಪಕ್ಕದವಳು... ಗೋಡೆಯುದ್ದಕ್ಕೂ ಬಿಳಿಚಿದ, ಸುಕ್ಕು ಬಿದ್ದ, ಬಳೆ ತೊಟ್ಟ ಕೈಗಳು. ಯಜಮಾನರು ಆ ಕೈಗಳನ್ನು ನೋಡಿದರು. ದಿನವೂ ಅವೇ ಕೈಗಳು ಅವರೆದುರಿಗಿದ್ದವು. ಆದರೆ ನೀರಿನಿಂದ ಹೊರಗೆ, ಸುಮ್ಮನೆ ಚಾಚಿಕೊಂಡದ್ದನ್ನು ನೋಡಿರಲಿಲ್ಲವೇನೋ.

"ಆಯ್ತು ತಾಯಿ, ನಾಳೆ ಐದು ಅಂದ್ರೆ ಐದು" ಎಂದರು. ವಯಸ್ಸಾದವಳೊಬ್ಬಳು ತಟ್ಟೆಯಲ್ಲಿ ಉಳಿದ ಕುಂಕುಮ ತೆಗೆದು ಎಲ್ಲರ ಕೈಗೂ ಹಚ್ಚುತ್ತ ಹೋದಳು. "ಕಚಗುಳಿ ಆಯ್ತದೆ ಬಿಡವ್ವ" ಎಂದು ಒಬ್ಬಳು ಕೈ ಎಳೆದುಕೊಂಡಳು. ನಗು ಎದ್ದಿತು.

ವಾಪಸು ಬರುವಾಗ ಅತ್ತೆ, "ಈಗ ಹೇಳು ಲಾಯರಮ್ಮ. ದಿನಾ ಬೆಳ್ಳಿನ್ ಉಪ್ಕಾರ ನೆನೆಯೋಳು ಅದುನ್ನ ಬೇಕ್ ಬೇಕ್ದಂಗೆ ಬೇಯಿಸ್ಕೊಳ್ಳಕ್ ಬುಡ್ತಾಳಾ?" ಎಂದರು. ನನ್ನ ಪ್ರಶ್ನೆಯನ್ನು ಅವರು ಮರೆತಿರಲಿಲ್ಲ, ಉತ್ತರಕ್ಕೆ ದಿನ ಗೊತ್ತುಮಾಡಿದ್ದರು. ಮನೆ ಹತ್ತಿರ ಬಂದಾಗ ನಿಂತು, "ನಿನ್ ಆಯ್ದ ಯಾವ್ದು?" ಎಂದು ಕೇಳಿದರು.

"ನಾಲಿಗೆ."

"ಹಂಗಾದ್ರೆ ಅದ್ಕೂ ಇವತ್ತು ರಜಾ ಕೊಡು. ನಿಮ್ಮವ್ವನ್ಗೂ ಹಬ್ಬ ಆಯ್ತದೆ."

ಕೊಟ್ಟೆ. ಚಿಕ್ಕಮ್ಮ ಗಾಬರಿಯಿಂದ ಹಣೆ ಮುಟ್ಟಿ ನೋಡಿದಳು. ಸಂಜೆ ದೀಪ ಹಚ್ಚುವವರೆಗೂ ತಡೆದೆ. ಆಗ ಚಿಕ್ಕಪ್ಪ ಬಂದು, ಸೂರ್ಯ ಭೂಮಿಯನ್ನು ಸುತ್ತುತ್ತಾನೆಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ ಎಂದುಬಿಟ್ಟರು. ಅದಕ್ಕೂ ಸುಮ್ಮನಿರಲು ನನ್ನಿಂದಾಗಲಿಲ್ಲ.

ವಾದ ಮುಗಿಸಿ ಗೋಡೆ ದಾಟಿದೆ. ಒಂಬತ್ತು ಬೆರಳು ಸುಲಭವಾಗಿ ಆದವು. ಆ ದಿನ ತುಂಬ ಸಾಮಗ್ರಿಯಿತ್ತು. ಹತ್ತನೆಯದಕ್ಕೆ ಬಂದು, ಒಂದು ವಾರದಿಂದ ಹೇಳುತ್ತಿದ್ದ ದೂರನ್ನೇ ಮತ್ತೆ ಹೇಳಿದೆ: "ನನ್ನ ಎದೆ ಸುಮ್ಮನಿರಲ್ಲ."

ಅತ್ತೆ ಕೈ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿದರು. "ಅಲ್ಲಾ ಕಣಮ್ಮಿ, ಎಂಟ್ ದಿನ್ದಿಂದ ನೋಡ್ತಾವ್ನಿ. ಮಿಷಿನ್‌ಗೆ ರಜಾ, ನನ್ ಕೈಗೆ ರಜಾ, ನಿನ್ ನಾಲ್ಗೆಗೂ ರಜಾ. ಅದ್ಕೆ ಯಾವತ್ತಾರಾ ಕೊಟ್ಟಿದ್ದೀಯಾ? ನೀ ಹುಟ್ಟೋಕ್ ಮುಂಚಿಂದ ಒಂದೇ ಸಮ ದುಡೀತೈತೆ. ನೀ ಹೆದ್ರುದ್ರೆ ಅದು ಇನ್ನೊಸಿ ಜಾಸ್ತಿ ದುಡೀತದೆ, ಏನೋ ಆಗ್ಬುಟ್ಟೈತೆ ನಮ್ ಹುಡ್ಗೀಗೆ ಅಂತ. ಅಂಥದ್ನ ಹತ್ನೇ ಬೆಳ್ಳಿಗಿಕ್ಕಿದ್ದೀಯಲ್ಲಾ, ನಾಚ್ಕೆ ಆಗಲ್ವಾ?"

ನನ್ನ ಬಲಗೈ ಎದೆಯ ಮೇಲೆ ತಾನೇ ಹೋಯಿತು. ಅದು ಎಂದಿನಂತೆ ಜೋರಾಗಿಯೇ ಹೊಡೆದುಕೊಳ್ಳುತ್ತಿತ್ತು. ಆದರೆ ಮೊದಲ ಬಾರಿಗೆ ಅದು ನನ್ನ ವಿರುದ್ಧ ಹೊಡೆದುಕೊಳ್ಳುತ್ತಿದೆ ಅನ್ನಿಸಲಿಲ್ಲ. ನನ್ನ ಪಕ್ಷದ್ದೇ ಅದು. ಇಷ್ಟು ದಿನ ನಾನದನ್ನು ಎದುರು ಬೆಂಚಿನಲ್ಲಿ ಕೂರಿಸಿದ್ದೆ.

"ಆ ಕಾಗ್ದ ಇತ್ಲಾಗ್ ಕೊಡು" ಎಂದರು ಅತ್ತೆ. ಜೇಬಿನಿಂದ ತುದಿ ಕಾಣುತ್ತಿತ್ತು. "ಬಟ್ಲು ಒರ್ಸ್ಬೇಕು."

ಅದರಲ್ಲಿ ಏನಿತ್ತೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಅವರು ಓದಿದ್ದು ಮೂರನೆಯ ಕ್ಲಾಸು. ಕೊಟ್ಟೆ. ನನ್ನ ಸಹಿಯಿಂದಲೇ ಬಟ್ಟಲಿನ ಜಿಡ್ಡು ಹೋಯಿತು.

ಮೈಸೂರಿನಲ್ಲಿ ನನ್ನ ಸರದಿಗೆ ಕಾಯುತ್ತ ಮೇಜಿನ ಕೆಳಗೆ ಬೆರಳು ಹಿಡಿದು ಕೂತಿದ್ದೆ. ಎಣ್ಣೆಯಿರಲಿಲ್ಲ. ಹೆಬ್ಬೆರಳಿನಲ್ಲಿ ಎದೆಗೆ ಉಪಕಾರ ಹೇಳಿದೆ. ಎರಡನೆಯದಕ್ಕೆ ಜೊತೆಗಾರ್ತಿಗೆ, ಚನ್ನಪಟ್ಟಣದ ಆ ಒಂದೂವರೆ ನಿಮಿಷದ ಬಗ್ಗೆ ಒಮ್ಮೆಯೂ ಆಡಿ ತೋರಿಸದಿದ್ದಕ್ಕೆ. ಹತ್ತನೆಯದಕ್ಕೆ ಬಂದಾಗ, ಈ ವಿಷಯ ಆರಿಸಿದವರ ಮೇಲೆ ದೂರು ಹೇಳಿದೆ. ಹೆಸರು ಕರೆದರು, ಎದ್ದೆ. ಈ ಸಲವೂ ಬರೆದುಕೊಂಡಿದ್ದ ಹದಿನಾಲ್ಕು ಅಂಶಗಳ ಹಾಳೆ ಬೆಂಚಿನ ಮೇಲೆಯೇ ಉಳಿಯಿತು. ಒಂದೇ ಅಂಶ ಹಿಡಿದು ಮಾತಾಡಿದೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಅದರ ಕೆಲಸ ಅದು ಮಾಡಿತು, ನನ್ನ ಕೆಲಸ ನಾನು ಮಾಡಿದೆ.

ಸೋತೆವು. ಎರಡನೆಯ ಸ್ಥಾನ. ತಮಾಷೆಯೆಂದರೆ, ನನ್ನ ವಾದವನ್ನು ಬುಡಸಮೇತ ಕೀಳಬಹುದಾದ ಮಾತು ಎದುರು ಪಕ್ಷದ ಯಾರಿಗೂ ಹೊಳೆಯಲಿಲ್ಲ. ಆ ಮಾತು ಆ ಸಭಾಂಗಣದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ: ಉಪಕಾರ ನೆನೆಯುವವಳು ಬೇಯಿಸಿಕೊಳ್ಳಲು ಬಿಡುವುದಿಲ್ಲ. ಕೊನೆಯವರೆಗೂ ಯಾರಾದರೂ ಅದನ್ನು ಹೇಳಿಯಾರೆಂದು ಕಾದೆ. ಹೇಳಲಿಲ್ಲ. ಬೇರೆ ಏನೇನೋ ಹೇಳಿ ಗೆದ್ದರು.

ಊರಿಗೆ ಬಂದವಳೇ ಗೋಡೆ ದಾಟಿ ಎಲ್ಲ ಹೇಳಿದೆ. ಕೊನೆಗೆ, "ಥ್ಯಾಂಕ್ಸ್ ಅತ್ತೆ" ಎಂದೆ.

ಅವರ ಮುಖ ಗಂಟಾಯಿತು. "ಏನು, ಹೊರಗ್ನೋರ್ಗೆ ಹೇಳ್ದಂಗೆ ಥ್ಯಾಂಕ್ಸು? ನಾನೇನ್ ನಿಂಗೆ ಬಸ್ಸಲ್ಲಿ ಸೀಟ್ ಬುಟ್ಕೊಟ್ನಾ? ನಲ್ಲಿ ಬಂದೈತೆ, ಹೋಗಿ ನಾಕ್ ಬಿಂದ್ಗೆ ತುಂಬ್ಸು." ತುಂಬಿಸಿದೆ. ಆಮೇಲೆ ಆ ಪದವನ್ನು ಅವರಿಗೆ ಮತ್ತೆ ಹೇಳಲಿಲ್ಲ.

ಮೂರು ವರ್ಷಗಳ ನಂತರ ಅವರು ಕೆಲಸ ಬಿಟ್ಟರು. ಎಳೆಯ ತುದಿ ನಡುಬೆರಳಿಗೂ ಸಿಗದಂತಾಗಿತ್ತು. ಮಗಳು ಬಂದು ದೊಡ್ಡಆಲಹಳ್ಳಿಗೆ ಕರೆದುಕೊಂಡು ಹೋದಳು. ಹೋಗುವಾಗ ಅತ್ತಿದ್ದು ನಾನೇ, ಅವರಲ್ಲ. ಅಲ್ಲಿ ಅವರು ಸುಖವಾಗಿದ್ದರು. ಒಮ್ಮೆ ಹೋಗಿದ್ದಾಗ ಮೊಮ್ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು, ಅವರ ಬೆರಳುಗಳಿಗೆ ಎಣ್ಣೆ ಹಚ್ಚುತ್ತಿದ್ದರು. ಸಣ್ಣವನು ಹತ್ತೂ ಬೆರಳಿಗೂ ದೂರನ್ನೇ ಹೇಳುತ್ತಿದ್ದ. "ಇವ್ನು ನಿನ್ ಜಾತಿ ಕಣಮ್ಮಿ" ಎಂದು ನಕ್ಕರು.

ಆಮೇಲೆ ನನಗೆ ಕೆಲಸ ಸಿಕ್ಕಿದ್ದು ಕನಕಪುರದ ಒಂದು ಕಾಲೇಜಿನಲ್ಲಿ. ದೊಡ್ಡಆಲಹಳ್ಳಿಗೆ ಅಲ್ಲಿಂದ ಒಂದೇ ಬಸ್ಸು. ಈ ಶನಿವಾರ, ಮುಂದಿನ ಶನಿವಾರ, ಪರೀಕ್ಷೆ ಮುಗಿಯಲಿ, ರಜೆ ಬರಲಿ... ಎರಡು ವರ್ಷದಲ್ಲಿ ಒಂದು ಸಲವೂ ಆ ಬಸ್ಸು ಹತ್ತಲಿಲ್ಲ. ಹೋದ ಬೇಸಿಗೆಯಲ್ಲಿ ಮಗಳು ಫೋನ್ ಮಾಡಿದಾಗ ಎಲ್ಲ ಮುಗಿದು ಮೂರು ದಿನವಾಗಿತ್ತು. ನಿದ್ದೆಯಲ್ಲೇ ಹೋದರಂತೆ. ಎಂದೂ ರಜೆಯಿಲ್ಲದೆ ದುಡಿದದ್ದು ಅವತ್ತು ರಜೆ ತೆಗೆದುಕೊಂಡಿತ್ತು.

ಅಮ್ಮ ಮಂಡಿಗೆ ಹಚ್ಚಿ ಉಳಿದ ಎಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿಕೊಂಡು ನಾನು ಹಿತ್ತಿಲಿಗೆ ಬಂದೆ. ಗೋಡೆಯಾಚೆ ಈಗ ಬೇರೆ ಸಂಸಾರ. ಬಟ್ಟೆ ಒಗೆಯುವ ಕಲ್ಲು ಮಾತ್ರ ಅಲ್ಲೇ ಇದೆ. ಬಲಗೈ ಹೆಬ್ಬೆರಳಿನಿಂದ ಶುರುಮಾಡಿದೆ. ಎದೆಗೆ, ಅಮ್ಮನ ಮಂಡಿಗೆ, ಇವತ್ತು ತಿದ್ದಿದ ಉತ್ತರಪತ್ರಿಕೆಯಲ್ಲಿ ನನ್ನ ಪಾಠವನ್ನೇ ತಪ್ಪೆಂದು ವಾದಿಸಿ ಬರೆದ ಒಬ್ಬ ಹುಡುಗಿಗೆ... ಒಂಬತ್ತು ಬೆರಳು ತುಂಬುವುದು ಕಷ್ಟವಾಗಲಿಲ್ಲ. ನಾನು ಸುಖವಾಗಿದ್ದೇನೆ, ಅದನ್ನು ಒಪ್ಪಿಕೊಳ್ಳಲು ಈಗ ನನಗೆ ನಾಚಿಕೆಯೂ ಇಲ್ಲ.

ಎಡಗೈಯ ಕಿರುಬೆರಳಿಗೆ ಬಂದೆ. ಹೋದ ಬೇಸಿಗೆಯಿಂದ ಅದಕ್ಕೆ ಒಂದೇ ದೂರು: ಒಂದೇ ಬಸ್ಸು, ಹತ್ತಲಿಲ್ಲ. ಯಾರಿಗೆ ಸೇರಬೇಕೋ ಅವರಿಗೇ ನಾಳೆ ಹೋಗಿ ಹೇಳಬೇಕೆಂದು ಅತ್ತೆ ಕಲಿಸಿದ್ದರು. ಇದು ಸೇರಬೇಕಾದದ್ದು ನನಗೇ. ಆ ಬೆರಳಿಗೆ ಒಂದು ತೊಟ್ಟು ಜಾಸ್ತಿ ಎಣ್ಣೆ ಹಾಕಿದೆ.